ದಪ್ಪ ನೆಕ್, ತೆಳು ನೆಕ್: ಗಿಟಾರ್ ಆರಿಸುವಾಗ ಕೈಗೆ ಬಿಡಬೇಕಾದ್ದು, ಕಿವಿಗೆ ಬಿಡಬೇಕಾದ್ದು

ಗಿಟಾರ್ ಅಂಗಡಿಗಳಲ್ಲಿ ಎರಡು ಮಾತುಗಳು ಸದಾ ಸಿದ್ಧವಾಗಿರುತ್ತವೆ. ನೆಕ್ ಎಂದರೆ ಎಡಗೈ ಹಿಡಿಯುವ ಉದ್ದನೆಯ ಕತ್ತು; ಅದು ದಪ್ಪಗಿರುವ ಗಿಟಾರನ್ನು ಕೈಗೆತ್ತಿಕೊಂಡರೆ "ನೋಡಿ ಸರ್, ಇದರ ನಾದವೂ ಅಷ್ಟೇ ದಪ್ಪ" ಎನ್ನುತ್ತಾರೆ. ಅದನ್ನು ಕೆಳಗಿಟ್ಟು ಪಕ್ಕದ ತೆಳು ನೆಕ್‌ನದನ್ನು ಹಿಡಿದರೆ "ಇದು ಬಹಳ ಫಾಸ್ಟ್ ಸರ್" ಎನ್ನುತ್ತಾರೆ. ಎರಡನೆಯದು ಬಹುಮಟ್ಟಿಗೆ ಅಭ್ಯಾಸದ ವಿಷಯ, ಅದರ ಬಗ್ಗೆ ತಕರಾರಿಲ್ಲ. ಮೊದಲನೆಯ ಮಾತಿಗೆ ಮಾತ್ರ ಸ್ವಲ್ಪ ಲೆಕ್ಕ ಕೇಳಬೇಕು. ಆ ಒಂದು ಮಾತನ್ನು ನಂಬಿ, ಹೆಚ್ಚು ಹಣ ಕೊಟ್ಟು, ಕೈಗೆ ಒಗ್ಗದ ಗಿಟಾರನ್ನು ಮನೆಗೆ ತಂದು ಮೂಲೆಗೆ ನಿಲ್ಲಿಸಿದವರು ಕಡಿಮೆಯೇನಿಲ್ಲ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ನೆಕ್‌ನ ದಪ್ಪಕ್ಕೂ ನಾದಕ್ಕೂ ಸಂಬಂಧ ಇದೆ, ಆದರೆ ನಡುವೆ ಪೆಡಸುತನ ಎಂಬ ಮಧ್ಯವರ್ತಿ ಇದ್ದಾನೆ. ನೆಕ್ ಎಷ್ಟು ಸುಲಭವಾಗಿ ಬಾಗುತ್ತದೆ, ಎಷ್ಟು ಬಾಗದೆ ನಿಲ್ಲುತ್ತದೆ ಎಂಬುದರ ಮೇಲೆ ಯಾವ ಸ್ವರ ಎಷ್ಟು ಹೊತ್ತು ಉಳಿಯುತ್ತದೆ ಎಂಬುದು ನಿಂತಿದೆ. ನಾದ 'ಬೆಚ್ಚಗಿದೆ', 'ಹರಿತವಾಗಿದೆ' ಎಂಬ ವರ್ಣನೆಗಳಲ್ಲಿ ನೆಕ್‌ನ ಪಾಲು ತೀರಾ ಸಣ್ಣದು. ಇನ್ನು ಪೆಡಸುತನ ಬೇಕೆಂದರೆ ದಪ್ಪವೊಂದೇ ದಾರಿಯೂ ಅಲ್ಲ. ಆದ್ದರಿಂದ ದಪ್ಪ ಎಷ್ಟಿರಬೇಕು ಎಂಬುದನ್ನು ಕೈ ತೀರ್ಮಾನಿಸಲಿ, ನೆಕ್ ಸರಿಯಾಗಿದೆಯೇ ಎಂಬುದನ್ನು ಕಿವಿ ತೀರ್ಮಾನಿಸಲಿ.

ತಂತಿಯ ಶಕ್ತಿ ಸೋರುವ ದಾರಿ

ತಂತಿಯನ್ನು ಮೀಟಿದಾಗ ಅದಕ್ಕೆ ಸಿಗುವ ಶಕ್ತಿ ಒಂದು ಸಲದ ಬಂಡವಾಳ. ಅದು ಖರ್ಚಾಗುವ ದಾರಿಗಳು ಕೆಲವು: ಗಾಳಿಯ ಘರ್ಷಣೆ, ತಂತಿಯ ಒಳಗಿನ ಘರ್ಷಣೆ, ಒಂದು ತುದಿಯಲ್ಲಿ ಬ್ರಿಡ್ಜ್ (ಬಾಡಿಯ ಮೇಲೆ ತಂತಿ ಕೂರುವ ಆಸರೆ), ಇನ್ನೊಂದು ತುದಿಯಲ್ಲಿ ನೀವು ಒತ್ತಿ ಹಿಡಿದ ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ). ಅಕೂಸ್ಟಿಕ್ ಗಿಟಾರಿನಲ್ಲಿ ಬ್ರಿಡ್ಜ್ ಮೂಲಕ ಹೋದ ಶಕ್ತಿ ಮೇಲ್ಹಲಗೆಯನ್ನು ಅಲುಗಿಸಿ ನಮ್ಮ ಕಿವಿಗೆ ಬರುತ್ತದೆ, ಅದು ಸಾರ್ಥಕ ಖರ್ಚು. ಎಲೆಕ್ಟ್ರಿಕ್ ಗಿಟಾರಿನಲ್ಲಿ ಹಾಗಲ್ಲ. ಅಲ್ಲಿ ತಂತಿಯ ಕೆಳಗಿನ ಪಿಕಪ್ ಎಂಬ ಆಯಸ್ಕಾಂತದ ಗ್ರಾಹಕ ಗ್ರಹಿಸುವುದು ತಂತಿಯ ಚಲನೆಯನ್ನು. ಮರಕ್ಕೆ ಹೋದ ಶಕ್ತಿ ಬಹುಪಾಲು ನಷ್ಟವೇ.

ಇಲ್ಲೊಂದು ತಮಾಷೆ ಇದೆ. ಎಲೆಕ್ಟ್ರಿಕ್ ಗಿಟಾರಿನ ಹೆಡ್‌ಸ್ಟಾಕನ್ನು, ಅಂದರೆ ನೆಕ್ ತುದಿಯ ತಲೆಭಾಗವನ್ನು, ಎರಡು ಬೆರಳಲ್ಲಿ ಹಗುರವಾಗಿ ಹಿಡಿದು ದಪ್ಪ ಇ ತಂತಿಯನ್ನು ಮೀಟಿದರೆ ಬೆರಳಿಗೆ ಝುಮ್ಮೆನ್ನುವ ಕಂಪನ ತಿಳಿಯುತ್ತದೆ. "ಇಡೀ ಗಿಟಾರ್ ಹೇಗೆ ಜೀವಂತವಾಗಿದೆ ನೋಡಿ" ಎಂದು ಅದನ್ನು ಗುಣವೆಂದೇ ಹೊಗಳುವವರಿದ್ದಾರೆ. ಕೈಗೆ ಅದು ಹಿತ, ಒಪ್ಪೋಣ. ಆದರೆ ಬೆರಳಿಗೆ ಬಂದ ಆ ಕಂಪನ ತಂತಿಯಿಂದಲೇ ಹೊರಟದ್ದು. ಅಷ್ಟರಮಟ್ಟಿಗೆ ತಂತಿ ಬೇಗ ಸುಮ್ಮನಾಗುತ್ತದೆ.

ನೆಕ್ ಉದ್ದಕ್ಕೆ ಚಾಚಿಕೊಂಡ ತೆಳುವಾದ ಭಾಗ. ಒಂದು ತುದಿ ಬಾಡಿಗೆ ಕಚ್ಚಿಕೊಂಡಿದೆ, ಇನ್ನೊಂದು ತುದಿಯಲ್ಲಿ ಹೆಡ್‌ಸ್ಟಾಕ್ ಮತ್ತು ಟ್ಯೂನಿಂಗ್ ಕೀಲಿಗಳ ಭಾರ ನೇತಾಡುತ್ತಿದೆ. ಇಂಥ ರಚನೆಗೆ ತನ್ನದೇ ಆದ ಕೆಲವು ಕಂಪನಾಂಕಗಳು ಇರುತ್ತವೆ. ನೀವು ನುಡಿಸಿದ ಸ್ವರದ ಕಂಪನಾಂಕ ಅವುಗಳಲ್ಲೊಂದಕ್ಕೆ ಹತ್ತಿರ ಬಂದರೆ, ಮತ್ತು ಆ ಫ್ರೆಟ್ ಇರುವ ಜಾಗದಲ್ಲಿ ನೆಕ್ ಚೆನ್ನಾಗಿ ಓಲಾಡುತ್ತಿದ್ದರೆ, ತಂತಿಯ ಶಕ್ತಿಯನ್ನು ನೆಕ್ ಗಬಗಬನೆ ನುಂಗುತ್ತದೆ. ಅಕ್ಕಪಕ್ಕದ ಸ್ವರಗಳು ಎಳೆದಷ್ಟು ಹೊತ್ತು ನಿಂತರೆ ಈ ಒಂದು ಸ್ವರ ಮಾತ್ರ ಹುಟ್ಟಿದ ಕೂಡಲೇ ಕುಸಿಯುತ್ತದೆ. ಗಿಟಾರ್ ನುಡಿಸುವವರು ಇದನ್ನೇ ಡೆಡ್ ಸ್ಪಾಟ್ ಎನ್ನುವುದು.

1990ರ ದಶಕದಲ್ಲಿ ಮ್ಯೂನಿಕ್‌ನ ಬುಂಡೆಸ್ವೇರ್ ವಿಶ್ವವಿದ್ಯಾಲಯದಲ್ಲಿ ಹೆಲ್ಮುಟ್ ಫ್ಲೈಶರ್ ಎಲೆಕ್ಟ್ರಿಕ್ ಗಿಟಾರ್ ಮತ್ತು ಮಂದ್ರ ಸ್ವರಗಳ ಬೇಸ್ ಗಿಟಾರ್‌ಗಳ ನೆಕ್ ಮೇಲೆ ಇದನ್ನೇ ಅಳೆದರು. ಯಾವ ಫ್ರೆಟ್‌ನಲ್ಲಿ ಯಾವ ಕಂಪನಾಂಕಕ್ಕೆ ನೆಕ್ ಹೆಚ್ಚು ಮಣಿಯುತ್ತದೆಯೋ, ಸರಿಯಾಗಿ ಅದೇ ಜಾಗದಲ್ಲಿ ಆ ಸ್ವರ ಬೇಗ ಆರಿಹೋಗುತ್ತದೆ ಎಂಬುದು ಅಳತೆಯಲ್ಲಿ ಸ್ಪಷ್ಟವಾಯಿತು. ಇನ್ನೊಂದು ಉಪಯುಕ್ತ ಸಂಗತಿಯೂ ಅದರಿಂದ ತಿಳಿಯಿತು: ನೆಕ್ ಮಣಿಯುವುದು ಮುಖ್ಯವಾಗಿ ಹಿಂದೆ ಮುಂದೆ, ಅಂದರೆ ಫ್ರೆಟ್‌ಬೋರ್ಡಿಗೆ (ಫ್ರೆಟ್‌ಗಳು ಕೂತಿರುವ ಮೇಲಿನ ಮರದ ಪಟ್ಟಿಗೆ) ಲಂಬವಾಗಿ. ಅಡ್ಡಡ್ಡಕ್ಕೆ ಅದು ಅಷ್ಟಾಗಿ ಅಲುಗುವುದಿಲ್ಲ. ಡೆಡ್ ಸ್ಪಾಟ್ ಇರುವ ಸ್ವರವನ್ನು ಫ್ರೆಟ್‌ಬೋರ್ಡಿಗೆ ಸಮಾಂತರವಾಗಿ ಮೀಟಿದರೆ ಅದು ಸ್ವಲ್ಪ ಹೆಚ್ಚು ಹೊತ್ತು ಬದುಕುತ್ತದೆ. ಕಾಸು ಖರ್ಚಿಲ್ಲದ ಉಪಾಯ, ಮನೆಯಲ್ಲಿರುವ ಗಿಟಾರಿನಲ್ಲೇ ಪರೀಕ್ಷಿಸಿ ನೋಡಬಹುದು.

ಎರಡು ಮಿಲಿಮೀಟರಿನ ಬೆಲೆ

ದಪ್ಪ ಏಕೆ ಇಷ್ಟು ದೊಡ್ಡ ಮಾತಾಗಿದೆ ಎಂದರೆ, ಪೆಡಸುತನ ದಪ್ಪದ ಘನದೊಂದಿಗೆ ಏರುತ್ತದೆ. ಅಗಲ ಹತ್ತು ಪ್ರತಿಶತ ಹೆಚ್ಚಿದರೆ ಪೆಡಸುತನವೂ ಹತ್ತೇ ಪ್ರತಿಶತ ಹೆಚ್ಚುತ್ತದೆ. ದಪ್ಪ ಹತ್ತು ಪ್ರತಿಶತ ಹೆಚ್ಚಿದರೆ ಅದು ಸುಮಾರು ಮೂವತ್ತಮೂರು ಪ್ರತಿಶತ ಏರುತ್ತದೆ. ಅಡಿಕೆ ದಬ್ಬೆಯನ್ನು ಮಲಗಿಸಿ ಎರಡು ಕಲ್ಲಿನ ಮೇಲಿಟ್ಟು ಒತ್ತಿದರೆ ಬಾಗುತ್ತದೆ, ಅದನ್ನೇ ಅಂಚಿನ ಮೇಲೆ ನಿಲ್ಲಿಸಿ ಒತ್ತಿದರೆ ಜಗ್ಗುವುದಿಲ್ಲ. ಮರ ಒಂದೇ, ಬದಲಾದದ್ದು ಒತ್ತಡದ ದಿಕ್ಕಿನಲ್ಲಿರುವ ಆಳ.

ಈಗ ನಿಜವಾದ ಅಳತೆಗಳಿಗೆ ಬರೋಣ. ಇವೆಲ್ಲ ಸುಮಾರು ಲೆಕ್ಕ, ಒಂದೇ ಮಾದರಿಯ ಎರಡು ಗಿಟಾರುಗಳಲ್ಲೇ ಅರ್ಧ ಮಿಲಿಮೀಟರ್ ವ್ಯತ್ಯಾಸ ಸಾಮಾನ್ಯ. ಐಬನೇಜ್ ಕಂಪನಿಯ ವಿಝರ್ಡ್ 3 ನೆಕ್ ಮೊದಲ ಫ್ರೆಟ್‌ನಲ್ಲಿ 19 ಮಿ.ಮೀ., 12ನೇ ಫ್ರೆಟ್‌ನಲ್ಲಿ 21. ಫೆಂಡರ್‌ನ ಇಂದಿನ ಮಾಡರ್ನ್ ಸಿ ಆಕಾರ (ಆಕಾರ ಎಂದರೆ ನೆಕ್ಕನ್ನು ಅಡ್ಡಕ್ಕೆ ಕೊಯ್ದರೆ ಕಾಣುವ ರೂಪ) 21ರಿಂದ 23ರ ಆಸುಪಾಸು. ಗಿಬ್ಸನ್‌ನ ಅರವತ್ತರ ದಶಕದ ಸ್ಲಿಮ್ ಟೇಪರ್ 20ರಿಂದ 22 ಅಥವಾ 23, ಐವತ್ತರ ದಶಕದ ದುಂಡು ನೆಕ್ 22 ಅಥವಾ 23ರಿಂದ 25. 1950ರ ಹೊತ್ತಿನ ಮೊದಮೊದಲ ಫೆಂಡರ್ ಬ್ರಾಡ್‌ಕಾಸ್ಟರ್ ನೆಕ್‌ಗಳು ಹೆಚ್ಚುಕಡಿಮೆ 25 ಮಿ.ಮೀ. ದಪ್ಪ, ಅವುಗಳಿಗೆ ಬೇಸ್‌ಬಾಲ್ ಬ್ಯಾಟ್ ಎಂಬ ಅಡ್ಡಹೆಸರೇ ಇದೆ. 19 ಮಿ.ಮೀ. ನೆಕ್ ಒಂದಿದ್ದರೆ, ಅದೇ ಮರದ 22 ಮಿ.ಮೀ. ನೆಕ್ ಅದಕ್ಕಿಂತ ಒಂದೂವರೆ ಪಟ್ಟು ಪೆಡಸು, 25 ಮಿ.ಮೀ. ನೆಕ್ ಎರಡೂಕಾಲು ಪಟ್ಟು. ಕೈಗೆ ಮೂರು ಮಿಲಿಮೀಟರ್ ಎನಿಸಿದ್ದು ಮರಕ್ಕೆ ಬೇರೆಯೇ ಲೆಕ್ಕ.

ಆಕಾರವೂ ಇದರಲ್ಲಿ ಸೇರುತ್ತದೆ. ನಡುವಿನ ದಪ್ಪ ಒಂದೇ ಇದ್ದರೂ, ಹೆಗಲು ತುಂಬಿಕೊಂಡ ಯು ಆಕಾರದ ನೆಕ್, ಇಳಿಜಾರು ಹೆಗಲಿನ ವಿ ಆಕಾರಕ್ಕಿಂತ ಪೆಡಸು. ಮಾರಾಟದ ವಿವರಣೆಯಲ್ಲಿ ಬರೀ ದಪ್ಪದ ಸಂಖ್ಯೆ ನೋಡಿ ತೀರ್ಮಾನಿಸಬೇಡಿ ಎನ್ನುವುದು ಇದಕ್ಕಾಗಿ. ಇನ್ನೊಂದು ಮಾತು: ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆದಾಗ ಸಿಗುವ ದಪ್ಪದಲ್ಲಿ ಫ್ರೆಟ್‌ಬೋರ್ಡ್ ಕೂಡ ಸೇರಿರುತ್ತದೆ.

ಪೆಡಸುತನ ಏರಿದರೆ ಡೆಡ್ ಸ್ಪಾಟ್ ಮಾಯವಾಗುತ್ತದೆಯೇ? ಇಲ್ಲಿ ಎಲ್ಲರೂ ಎಡವುತ್ತಾರೆ. ಪೆಡಸುತನ ಹೆಚ್ಚಿದಂತೆ ನೆಕ್‌ನ ಸ್ವಂತ ಕಂಪನಾಂಕ ಮೇಲಕ್ಕೆ ಸರಿಯುತ್ತದೆ. ದಪ್ಪ ಹೆಚ್ಚಿದರೆ ತೂಕವೂ ಹೆಚ್ಚುವುದರಿಂದ, ಎರಡನ್ನೂ ಹಿಡಿದು ಲೆಕ್ಕ ಹಾಕಿದರೆ ಕಂಪನಾಂಕ ಹೆಚ್ಚೆಂದರೆ ದಪ್ಪದ ಪ್ರಮಾಣದಲ್ಲೇ ಏರೀತು. 20 ಮಿ.ಮೀ. ನೆಕ್ ಬದಲು 22 ಮಿ.ಮೀ. ನೆಕ್ ಹಾಕಿದರೆ ಹತ್ತು ಪ್ರತಿಶತ ಏರಿಕೆ, ಅಂದರೆ ಸುಮಾರು ಒಂದೂವರೆ ಫ್ರೆಟ್‌ನಷ್ಟು ಸರಿತ. ಹೆಡ್‌ಸ್ಟಾಕ್‌ನ ಭಾರವಾಗಲಿ ಬಾಡಿಯಾಗಲಿ ಬದಲಾಗದಿರುವುದರಿಂದ ವಾಸ್ತವದಲ್ಲಿ ಅದಕ್ಕಿಂತಲೂ ಕಡಿಮೆ. ಜಿ ತಂತಿಯ 5ನೇ ಫ್ರೆಟ್‌ನಲ್ಲಿದ್ದ ರೋಗ 6ನೇ ಫ್ರೆಟ್‌ಗೆ ಹೋಗಿ ಕೂತಿತು, ಅಷ್ಟೇ. ಆ ಹೊಸ ಜಾಗ ನೀವು ದಿನಾ ನುಡಿಸುವ ಶ್ರುತಿಯ ಮುಖ್ಯ ಸ್ವರವಾಗಿದ್ದರೆ ದಪ್ಪ ನೆಕ್ ಕೊಂಡು ನಷ್ಟವೇ ಆದಂತಾಯಿತು. ಅದೃಷ್ಟವಿದ್ದರೆ ಅದು ಎರಡು ಸ್ವರಗಳ ನಡುವೆ ಬಿದ್ದು ಯಾರಿಗೂ ಕೇಳಿಸದೆ ಹೋಗಬಹುದು. ಒಂದೇ ಕಾರ್ಖಾನೆಯ, ಒಂದೇ ಮಾದರಿಯ ಎರಡು ಗಿಟಾರುಗಳಲ್ಲಿ ಒಂದು ಚೆನ್ನಾಗಿದ್ದು ಇನ್ನೊಂದು ಪೆಚ್ಚಾಗಿರುವುದಕ್ಕೆ ಇದೂ ಒಂದು ಕಾರಣ.

ಗಿಬ್ಸನ್‌ನವರೇ ಮಾಡಿಕೊಟ್ಟ ಪ್ರಯೋಗ

ದಪ್ಪವೇ ನಾದ ಎನ್ನುವವರಿಗೆ ನಾನು ತೋರಿಸುವ ಉದಾಹರಣೆ 1958ರಿಂದ 1960ರವರೆಗಿನ ಸನ್‌ಬರ್ಸ್ಟ್ ಲೆಸ್ ಪಾಲ್ ಎಂಬ ಎಲೆಕ್ಟ್ರಿಕ್ ಗಿಟಾರ್. ಮಹಾಗನಿ ಬಾಡಿ, ಮೇಪಲ್ ಮೇಲ್ಭಾಗ, ಮಹಾಗನಿ ನೆಕ್, ಬೀಟೆಯ ಜಾತಿಯ ಮರದ ಫ್ರೆಟ್‌ಬೋರ್ಡ್, 24.75 ಇಂಚಿನ ಸ್ಕೇಲ್ (ನುಡಿಯುವ ತಂತಿಯ ಉದ್ದ), ಪಿಎಎಫ್ ಎಂಬ ಬಗೆಯ ಪಿಕಪ್: ಎಲ್ಲ ಒಂದೇ. ಬದಲಾದ ಮುಖ್ಯ ಸಂಗತಿ ನೆಕ್. 1958ರದ್ದು ದಪ್ಪ, 1959ರದ್ದು ಅದಕ್ಕಿಂತ ತುಸು ಇಳಿದದ್ದು, 1960ರ ನಡುವೆ ಬಂದದ್ದು ಚಪ್ಪಟೆಯಾದ ತೆಳು ನೆಕ್. ಇವತ್ತಿನ ಹರಾಜುಗಳಲ್ಲಿ ಮೂರೂ ವರ್ಷದವು ಕಣ್ಣು ಕುಕ್ಕುವ ಬೆಲೆಗೆ ಹೋಗುತ್ತವೆ. 59ಕ್ಕೆ ಒಂದು ಕೈ ಹೆಚ್ಚು ಬೆಲೆ ಇದೆ ನಿಜ, ಆದರೆ ಕೊಳ್ಳುವವರು ಹೇಳುವ ಕಾರಣಗಳಲ್ಲಿ ನೆಕ್ ಕೈಗೆ ಹಿತವಾಗಿದೆ ಎಂಬುದೂ ಇದೆ. ಧ್ವನಿಮುದ್ರಣ ಕೇಳಿಸಿ, ಇದು 58ರ ದಪ್ಪ ನೆಕ್, ಇದು 60ರ ತೆಳು ನೆಕ್ ಎಂದು ಬಿಡಿಸಿ ಹೇಳುವವರನ್ನು ನಾನಂತೂ ಕಂಡಿಲ್ಲ.

ಇದಕ್ಕೆ ಎದುರು ಸಾಕ್ಷಿಯೂ ಅದೇ ಕಂಪನಿಯಲ್ಲಿದೆ. 1961ರಲ್ಲಿ ಬಂದ ಹೊಸ ಮಾದರಿ, ಮುಂದೆ ಎಸ್‌ಜಿ ಎಂದು ಹೆಸರಾದದ್ದು, ತೆಳು ಬಾಡಿಯದು. ನೆಕ್ ತೆಳು, ಅದು ಬಾಡಿಯನ್ನು ಸೇರುವುದೂ 22ನೇ ಫ್ರೆಟ್‌ನ ಆಸುಪಾಸಿನಲ್ಲಿ. ಅಂದರೆ ಹೊರಗೆ ಚಾಚಿಕೊಂಡ ಉದ್ದ ಹೆಚ್ಚು, ಕಚ್ಚಿಕೊಂಡ ಮರ ಕಡಿಮೆ. ಒಂದು ಸ್ವರಮೇಳ ನುಡಿಸಿ ನೆಕ್ಕನ್ನು ಸ್ವಲ್ಪ ಹಿಂದಕ್ಕೆ ತಳ್ಳಿದರೆ ಶ್ರುತಿ ಅಲುಗಾಡುವುದು ಕಿವಿಗೆ ಚೆನ್ನಾಗಿ ತಿಳಿಯುತ್ತದೆ. ಕೆಲವರು ಅದನ್ನೇ ವೈಬ್ರಾಟೋ ಮಾಡಿಕೊಂಡು ಬಳಸುತ್ತಾರೆ. ಬೇಡವಾದವರಿಗೆ ಅದು ಕಾಟ: ಎಡಗೈ ಬಿಗಿಯಾಗಿ ಹಿಡಿದರೂ ಶ್ರುತಿ ಜಾರುತ್ತದೆ. ತೆಳು ನೆಕ್‌ನ ನಿಜವಾದ ತೊಂದರೆ ಇದು, ನಾದ ತೆಳುವಾಗುತ್ತದೆ ಎಂಬುದಲ್ಲ.

ಮರದ ಹೆಸರಿಗಿಂತ ಮರದ ತುಂಡು ಮುಖ್ಯ

ಮೇಪಲ್ ನೆಕ್ ಚುರುಕು, ಮಹಾಗನಿ ಬೆಚ್ಚಗೆ ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಗಟ್ಟಿ ಮೇಪಲ್‌ನ ಪೆಡಸುತನ ಮಹಾಗನಿಗಿಂತ ಸುಮಾರು ಕಾಲುಪಾಲು ಹೆಚ್ಚು. ದಪ್ಪದ ಲೆಕ್ಕಕ್ಕೆ ಇಳಿಸಿದರೆ, 20 ಮಿ.ಮೀ. ಮೇಪಲ್ ನೆಕ್‌ಗೆ ಸಾಟಿಯಾಗಲು ಮಹಾಗನಿ ನೆಕ್ 21.5 ಮಿ.ಮೀ. ಇದ್ದರೆ ಸಾಕು. ಎರಡು ಬೇರೆ ಮರಗಳ ಬಗ್ಗೆ ನಡೆಯುವ ಇಷ್ಟೊಂದು ಜಗಳ ಒಂದೂವರೆ ಮಿಲಿಮೀಟರಿನಲ್ಲಿ ಮುಗಿಯುತ್ತದೆ. ಒಂದೇ ಜಾತಿಯ ಮರದಲ್ಲೂ ಒಂದು ತುಂಡಿಗೂ ಇನ್ನೊಂದಕ್ಕೂ ಅಷ್ಟು ವ್ಯತ್ಯಾಸ ಸುಲಭವಾಗಿ ಇರುತ್ತದೆ. ಹಾಗಾಗಿ ಮರದ ಹೆಸರು ಓದಿ ನಾದ ಊಹಿಸುವುದು ವ್ಯರ್ಥ.

ಫ್ರೆಟ್‌ಬೋರ್ಡ್ ಬಗ್ಗೆ ಒಂದು ಮಾತು, ಏಕೆಂದರೆ ಇದು ನಮ್ಮ ಊರಿನ ಮರದ ವಿಷಯ. ಜಗತ್ತಿನ ಲಕ್ಷಾಂತರ ಗಿಟಾರುಗಳ ಫ್ರೆಟ್‌ಬೋರ್ಡ್ ಆಗಿರುವ ಇಂಡಿಯನ್ ರೋಸ್‌ವುಡ್ ನಮ್ಮ ಬೀಟೆಯೇ. 2017ರ ಜನವರಿಯಲ್ಲಿ ಬೀಟೆಯ ಇಡೀ ಕುಲವನ್ನು, ಅಳಿವಿನಂಚಿನ ಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿಸಿದಾಗ ಕಂಪನಿಗಳು ಕಾಗದಪತ್ರಗಳ ಕಾಟ ತಪ್ಪಿಸಿಕೊಳ್ಳಲು ಬೇರೆ ಮರಗಳಿಗೆ ಹೊರಳಿದವು; 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಫೆಂಡರ್‌ನ ಅಗ್ಗದ ಬ್ರಾಂಡ್ ಆದ ಸ್ಕ್ವಯರ್ ಗಿಟಾರುಗಳಲ್ಲಿ ಈಗ ಕಾಣುವ ಇಂಡಿಯನ್ ಲಾರೆಲ್ ಎಂದರೆ ಮಲೆನಾಡಿನವರಿಗೆ ಚಿರಪರಿಚಿತವಾದ ಮತ್ತಿ. ಬೀಟೆ ಇಲ್ಲವಲ್ಲ ಎಂದು ಕೊರಗುವ ಅಗತ್ಯವಿಲ್ಲ. ಆರು ಮಿಲಿಮೀಟರ್ ಪಟ್ಟಿಯಲ್ಲಿ ಮರ ಬದಲಾದರೆ ನೆಕ್‌ನ ಪೆಡಸುತನ ಅಲ್ಪಸ್ವಲ್ಪ ಬದಲಾಗುತ್ತದೆ, ಅಷ್ಟೇ.

ನೆಕ್ ಒಳಗೆ ತಂತಿಗಳ ಎಳೆತಕ್ಕೆ ಅದು ಬಾಗದಂತೆ ತಡೆಯುವ ಉಕ್ಕಿನ ಸಲಾಕೆ, ಅಂದರೆ ಟ್ರಸ್ ರಾಡ್, ಇರುತ್ತದೆ. 1920ರ ದಶಕದ ಆರಂಭದಲ್ಲಿ ಗಿಬ್ಸನ್ ಕಂಪನಿಯ ಥಡಿಯಸ್ ಮೆಕ್‌ಹ್ಯೂ ಹೊಂದಿಸಬಹುದಾದ ರಾಡ್‌ಗೆ ಪೇಟೆಂಟ್ ಪಡೆದ ಮೇಲೆ ನೆಕ್‌ಗಳನ್ನು ತೆಳುವಾಗಿ ಕೆತ್ತಲು ಧೈರ್ಯ ಬಂತು. ಲಿಯೋ ಫೆಂಡರ್ 1950ರಲ್ಲಿ ಗಟ್ಟಿ ಮೇಪಲ್‌ಗೆ ರಾಡ್ ಬೇಡವೆಂದು ಹೊರಟು, ನೆಕ್‌ಗಳು ಬಾಗತೊಡಗಿದ ಮೇಲೆ ಅದೇ ವರ್ಷ ಮನಸ್ಸು ಬದಲಿಸಿದರು. ಒಂದು ತಪ್ಪು ತಿಳಿವಳಿಕೆ ಬಹಳ ಹರಡಿದೆ: ರಾಡ್ ಬಿಗಿ ಮಾಡಿದಷ್ಟೂ ನೆಕ್ ಪೆಡಸಾಗಿ ನಾದ ಉತ್ತಮವಾಗುತ್ತದೆ ಎಂದು. ರಾಡ್ ಬಿಗಿದರೆ ನೆಕ್‌ನ ಬಾಗು ಬದಲಾಗುತ್ತದೆ, ಪೆಡಸುತನ ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ. ನಾದಕ್ಕಾಗಿ ಅದರ ಕೀಲಿ ತಿರುಗಿಸುವವರು ಕೊನೆಗೆ ದುರಸ್ತಿಯವರ ಬಳಿಗೆ ಹೋಗುತ್ತಾರೆ.

ನಿಜವಾಗಿ ಪೆಡಸುತನ ಕೊಡುವುದು ಕಾರ್ಬನ್ ಫೈಬರ್. ಫ್ರೆಟ್‌ಬೋರ್ಡ್ ಅಡಿಯಲ್ಲಿ ಟ್ರಸ್ ರಾಡ್‌ನ ಎರಡೂ ಬದಿಗೆ ಕಾರ್ಬನ್ ಪಟ್ಟಿಗಳನ್ನು ಹುದುಗಿಸುತ್ತಾರೆ. ಎಳೆಗಳ ದಿಕ್ಕಿನಲ್ಲಿ ಕಾರ್ಬನ್ ಪಟ್ಟಿಯ ಪೆಡಸುತನ ಮೇಪಲ್‌ನ ಹತ್ತು ಪಟ್ಟು. ಆದರೆ ಅದು ಕೂರುವುದು ನೆಕ್‌ನ ದಪ್ಪದ ನಡುಭಾಗಕ್ಕೆ ಹತ್ತಿರ, ಬಾಗುವಿಕೆಯನ್ನು ತಡೆಯಲು ಅತಿ ಕಡಿಮೆ ಉಪಯೋಗವಿರುವ ಜಾಗ ಅದು. ಹಾಗಾಗಿ ಲಾಭ ಸಂಖ್ಯೆ ಹೇಳುವಷ್ಟು ದೊಡ್ಡದಲ್ಲ. ಆದರೂ ಇದೆ, ಮತ್ತು ಹವಾಮಾನಕ್ಕೆ ನೆಕ್ ತಿರುಚದಂತೆ ನೋಡಿಕೊಳ್ಳುವಲ್ಲಿ ಹೆಚ್ಚು ಇದೆ. ಮೇಪಲ್ ಮತ್ತು ವಾಲ್‌ನಟ್ ಪಟ್ಟಿಗಳನ್ನು ಅಂಟಿಸಿ ಮಾಡಿದ ಐದು ತುಂಡಿನ ನೆಕ್‌ಗಳ ಉದ್ದೇಶವೂ ಇದೇ. ಐಬನೇಜ್‌ನಂಥ ಕಂಪನಿಗಳು ಅಷ್ಟು ತೆಳು ನೆಕ್ ಕೊಟ್ಟೂ ಬಚಾವಾಗುವುದು ಇಂಥ ಉಪಾಯಗಳಿಂದ.

ಇಡೀ ನೆಕ್ಕನ್ನೇ ಕಾರ್ಬನ್‌ನಲ್ಲಿ ಮಾಡಿದವರೂ ಇದ್ದಾರೆ. 1970ರ ದಶಕದಲ್ಲಿ ಮಾಡ್ಯುಲಸ್ ಗ್ರಾಫೈಟ್, ಅದರ ಬೆನ್ನಿಗೇ ಹೆಡ್‌ಸ್ಟಾಕ್ ಇಲ್ಲದ ಸ್ಟೈನ್‌ಬರ್ಗರ್ ಬೇಸ್, 1993ರಲ್ಲಿ ಮರದ ಮೇಲೆ ಕಾರ್ಬನ್ ಚರ್ಮ ಹೊದಿಸಿದ ಪಾರ್ಕರ್ ಫ್ಲೈ. ಸ್ಟೈನ್‌ಬರ್ಗರ್ ಮಾಡಿದ್ದು ಜಾಣತನದ ಕೆಲಸ: ಪೆಡಸು ಹೆಚ್ಚಿಸಿದ್ದಲ್ಲದೆ ತುದಿಯ ಭಾರವನ್ನೂ ತೆಗೆದರು, ಎರಡರಿಂದಲೂ ನೆಕ್‌ನ ಕಂಪನಾಂಕ ಮೇಲೇರುತ್ತದೆ. ಫಲವಾಗಿ ಎಲ್ಲ ಫ್ರೆಟ್‌ಗಳಲ್ಲೂ ಸಮನಾದ, ಪಿಯಾನೋದಂತೆ ಸ್ಪಷ್ಟವಾದ ನಾದ. ಅದನ್ನೇ "ಭಾವವಿಲ್ಲದ ನಾದ" ಎನ್ನುವವರೂ ಇದ್ದಾರೆ. ನನಗೆ ಆ ಟೀಕೆ ಅರ್ಥವಾಗುತ್ತದೆ, ಏಕೆಂದರೆ ನಮ್ಮ ಕಿವಿ ಮರದ ನೆಕ್‌ನ ಏರುಪೇರಿಗೆ ಒಗ್ಗಿದೆ. ಅಲ್ಯೂಮಿನಿಯಂ ನೆಕ್‌ನ ಕಥೆ ಬೇರೆ. 1974ರಲ್ಲಿ ಟ್ರಾವಿಸ್ ಬೀನ್, ನಂತರ ಕ್ರೇಮರ್ ಅದನ್ನು ತಂದರು. ಪೆಡಸುತನ ಮೇಪಲ್‌ನ ಐದು ಪಟ್ಟಿಗಿಂತ ಹೆಚ್ಚು, ತೂಕವೂ ಹತ್ತಿರ ಹತ್ತಿರ ನಾಲ್ಕು ಪಟ್ಟು. ಹೆಗಲಿಗೆ ಹಾಕಿದರೆ ತಲೆ ಕೆಳಗೆ ಜಾರುತ್ತದೆ, ಬೆಳಿಗ್ಗೆ ಮುಟ್ಟಿದರೆ ತಣ್ಣಗೆ, ಕೈಯ ಬಿಸಿಗೆ ಹಿಗ್ಗಿ ಶ್ರುತಿ ಬದಲಿಸುತ್ತದೆ.

ಬೇಸ್‌ಗೆ ಬೇರೆ ನ್ಯಾಯ

ಮೇಲೆ ಹೇಳಿದ್ದೆಲ್ಲ ಸಾಮಾನ್ಯ ಎಲೆಕ್ಟ್ರಿಕ್ ಗಿಟಾರಿಗೆ ಹಗುರವಾಗಿ ಅನ್ವಯಿಸಿದರೆ ಬೇಸ್ ಗಿಟಾರಿಗೆ ಗಂಭೀರವಾಗಿ ಅನ್ವಯಿಸುತ್ತದೆ. 10-46 ಗೇಜ್‌ನ (ಗೇಜ್ ಎಂದರೆ ಇಂಚಿನ ಸಾವಿರದ ಪಾಲಿನಲ್ಲಿ ತಂತಿಯ ದಪ್ಪ) ತಂತಿಗಳು 25.5 ಇಂಚಿನ ಗಿಟಾರಿನ ಮೇಲೆ ಹೇರುವ ಒಟ್ಟು ಎಳೆತ ಸುಮಾರು 46 ಕಿಲೋ. 34 ಇಂಚಿನ ಬೇಸ್‌ನಲ್ಲಿ ನಾಲ್ಕೇ ತಂತಿಗಳಿದ್ದರೂ ಅದು 70 ಕಿಲೋ ದಾಟುತ್ತದೆ. ನೆಕ್ ಉದ್ದ, ತುದಿಯಲ್ಲಿ ದೊಡ್ಡ ಕೀಲಿಗಳ ಭಾರ, ತಂತಿಗಳು ದಪ್ಪವಾಗಿರುವುದರಿಂದ ನೆಕ್ ಅಲುಗಿಸುವ ಬಲವೂ ಹೆಚ್ಚು. ಫೆಂಡರ್ ಮಾದರಿಯ ಬೇಸ್‌ಗಳಲ್ಲಿ ಜಿ ತಂತಿಯ 5ರಿಂದ 7ನೇ ಫ್ರೆಟ್‌ಗಳ ನಡುವೆ ಎಲ್ಲೋ ಒಂದು ಸ್ವರ ಕುಂಟುವುದು ಎಷ್ಟು ಸಾಮಾನ್ಯವೆಂದರೆ, ಅನುಭವಿಗಳು ಅಂಗಡಿಯಲ್ಲಿ ಬೇಸ್ ಕೈಗೆತ್ತಿಕೊಂಡ ಕೂಡಲೇ ನೋಡುವುದು ಅಲ್ಲೇ.

ಬೇಸ್ ಕೊಳ್ಳುವವರಿಗೆ ನನ್ನ ಸಲಹೆ ನೇರವಾಗಿದೆ: ಕಾರ್ಬನ್ ಪಟ್ಟಿ ಇರುವ ನೆಕ್ ಕೈಗೆಟುಕುವ ಬೆಲೆಯಲ್ಲಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಫೆಂಡರ್‌ನ ಅಮೆರಿಕನ್ ಬೇಸ್‌ಗಳಲ್ಲಿ ಪಾಸಿಫ್ಲೆಕ್ಸ್ ಎಂಬ ಹೆಸರಲ್ಲಿ ಅದು ಬಂದಿದೆ. ಫೆಂಡರ್‌ನ ಜಾಝ್ ಬೇಸ್ ಮಾದರಿಯ ಕಿರಿದಾದ ನಟ್‌ಗೆ (ಹೆಡ್‌ಸ್ಟಾಕ್ ಬಳಿ ತಂತಿಗಳು ಕೂರುವ ಪಟ್ಟಿಗೆ) ಹೆದರಬೇಕಾಗಿಲ್ಲ, ಅಗಲದಿಂದ ಕಳೆದುಕೊಂಡದ್ದು ಅಲ್ಪ. ಕೊಂಡ ಮೇಲೆ ಡೆಡ್ ಸ್ಪಾಟ್ ಕಾಡಿದರೆ ನೆಕ್ ಬದಲಿಸುವ ಮೊದಲು ಹಗುರ ಕೀಲಿಗಳನ್ನು ಹಾಕಿ ನೋಡಿ, ಅಥವಾ ಹೆಡ್‌ಸ್ಟಾಕ್‌ಗೆ ಕಚ್ಚುವ ಭಾರದ ಕ್ಲಾಂಪ್ ಸಿಗುತ್ತದೆ, ಅದನ್ನು ಪ್ರಯತ್ನಿಸಿ. ಹಗುರ ಕೀಲಿ ಕಂಪನಾಂಕವನ್ನು ಮೇಲಕ್ಕೆ ತಳ್ಳುತ್ತದೆ, ಕ್ಲಾಂಪ್ ಕೆಳಕ್ಕೆ ಎಳೆಯುತ್ತದೆ. ಯಾವ ಕಡೆ ಸರಿದರೂ ಸರಿ, ನಿಮಗೆ ಬೇಕಾದ ಸ್ವರದಿಂದ ದೂರ ಹೋದರೆ ಆಯಿತು.

ಅಕೂಸ್ಟಿಕ್‌ನಲ್ಲಿ ನಾದಕ್ಕೆ ನೆಕ್‌ನ ಪಾಲು ಕಡಿಮೆ. ಬ್ರಿಡ್ಜ್ ಕೂತಿರುವ ಮೇಲ್ಹಲಗೆ ನೆಕ್‌ಗಿಂತ ಎಷ್ಟೋ ಮೆತ್ತಗಿರುವುದರಿಂದ ತಂತಿಯ ಶಕ್ತಿ ಹೆಚ್ಚಾಗಿ ಆ ಕಡೆಗೇ ಹರಿಯುತ್ತದೆ. ಅಲ್ಲಿ ಪೆಡಸುತನ ಬೇಕಾಗುವುದು ವರ್ಷಗಟ್ಟಲೆ ತಂತಿಯ ಎಳೆತ ತಡೆದುಕೊಳ್ಳಲು. 12-53 ಗೇಜ್‌ನ ಉಕ್ಕಿನ ತಂತಿಗಳ ಎಳೆತ 70 ಕಿಲೋ ಮೀರುತ್ತದೆ. ಮಾರ್ಟಿನ್ ಕಂಪನಿ 1934ರಲ್ಲಿ ನೆಕ್ ಒಳಗೆ ಉಕ್ಕಿನ ಟಿ ಪಟ್ಟಿ ಇಟ್ಟಿತು, ಎರಡನೇ ಮಹಾಯುದ್ಧದಲ್ಲಿ ಲೋಹ ಸಿಗದಾದಾಗ ಎಬೊನಿ ಮರದ ಪಟ್ಟಿ, 1967ರಲ್ಲಿ ಚೌಕ ಕೊಳವೆ, ಹೊಂದಿಸಬಹುದಾದ ರಾಡ್ ಬಂದದ್ದು 1985ರಲ್ಲಿ. ಯುದ್ಧಕಾಲದ ಹಗುರ ನೆಕ್‌ನ ಗಿಟಾರುಗಳನ್ನು ಇವತ್ತಿಗೂ ಹುಡುಕಿ ಕೊಳ್ಳುವವರಿದ್ದಾರೆ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿನಲ್ಲಿ ಎಳೆತ ಸುಮಾರು 40 ಕಿಲೋ, ನೆಕ್ ಅಗಲ ಮತ್ತು ದಪ್ಪ. ಸಾಂಪ್ರದಾಯಿಕವಾಗಿ ರಾಡ್ ಇಲ್ಲದೆಯೇ ಅದು ನಿಭಾಯಿಸಿಕೊಂಡು ಬಂದಿದೆ.

ಕೈಯ ಲೆಕ್ಕ

ಸಣ್ಣ ಕೈಗೆ ತೆಳು ನೆಕ್, ದೊಡ್ಡ ಕೈಗೆ ದಪ್ಪ ನೆಕ್ ಎಂಬ ಸೂತ್ರ ಸುಳ್ಳು. ಕೈಯ ಗಾತ್ರಕ್ಕಿಂತ ಹೆಬ್ಬೆರಳು ಎಲ್ಲಿ ನಿಲ್ಲುತ್ತದೆ ಎಂಬುದು ಮುಖ್ಯ. ಹೆಬ್ಬೆರಳನ್ನು ನೆಕ್ ಹಿಂಬದಿಯ ನಡುವೆ ಇಟ್ಟು, ಮಣಿಕಟ್ಟು ಬಾಗಿಸಿ, ವೇಗವಾಗಿ ಸ್ವರಗಳನ್ನು ಪೋಣಿಸುವವರಿಗೆ ಚಪ್ಪಟೆಯಾದ ತೆಳು ನೆಕ್ ಅನುಕೂಲ. ಬ್ಲೂಸ್ ನುಡಿಸುವವರು, ಗಮಕಕ್ಕಾಗಿ ತಂತಿಯನ್ನು ಅಡ್ಡಕ್ಕೆ ಎಳೆಯುವ ಕರ್ನಾಟಕ ಸಂಗೀತದ ಗಿಟಾರ್ ವಾದಕರು ಹೆಬ್ಬೆರಳನ್ನು ನೆಕ್ ಮೇಲಂಚಿಗೆ ತಂದು ಅಂಗೈಯನ್ನೇ ಆಸರೆ ಮಾಡಿಕೊಳ್ಳುತ್ತಾರೆ. ಅವರಿಗೆ ಅಂಗೈ ತುಂಬುವ ನೆಕ್ ಬೇಕು. ತೆಳು ನೆಕ್‌ನಲ್ಲಿ ಅಂಗೈಗೂ ಮರಕ್ಕೂ ನಡುವೆ ಖಾಲಿ ಉಳಿದು, ಆ ಖಾಲಿಯನ್ನು ಬೆರಳುಗಳ ಬಲದಿಂದ ತುಂಬಬೇಕಾಗುತ್ತದೆ. ಅರ್ಧ ಗಂಟೆಯಲ್ಲಿ ಹೆಬ್ಬೆರಳ ಬುಡ ನೋಯುತ್ತದೆ. ಎಳೆತದ ಗಮಕ ಹೆಚ್ಚಿರುವವರಿಗೆ ಪೆಡಸುತನವೂ ಬೇಕು. ಒಂದು ತಂತಿಯನ್ನು ಜೋರಾಗಿ ಎಳೆದಾಗ ಮೆತ್ತನೆಯ ನೆಕ್ ತುಸು ಬಾಗಿ, ಜೊತೆಯಲ್ಲಿ ನುಡಿಯುತ್ತಿರುವ ಉಳಿದ ತಂತಿಗಳ ಶ್ರುತಿಯನ್ನು ಇಳಿಸುತ್ತದೆ. ಬೇರೆಯವರಿಗೆ ಅದು ಗೊತ್ತಾಗದಿರಬಹುದು, ಷಡ್ಜ ಪಂಚಮದ ಮೇಲೆ ಕಿವಿ ಇಟ್ಟು ಬೆಳೆದವರಿಗೆ ಗೊತ್ತಾಗುತ್ತದೆ.

ಮಳೆಗಾಲ ಶುರುವಾದಾಗ ತೆಳು ನೆಕ್‌ನ ಇನ್ನೊಂದು ಮುಖ ಕಾಣುತ್ತದೆ. ಮಂಗಳೂರಿನ ಜೂನ್, ಕಲಬುರಗಿಯ ಏಪ್ರಿಲ್ ಎರಡನ್ನೂ ಒಂದೇ ಮರ ತಡೆದುಕೊಳ್ಳಬೇಕು. ತೇವ ಹೀರಿದ ಮರ ಯಾವ ಕಡೆ ಬಾಗುತ್ತದೆ ಎಂಬುದು ಆಯಾ ತುಂಡಿನ ಮೇಲೆ ಅವಲಂಬಿಸಿದೆ, ಆದರೆ ತೆಳು ನೆಕ್ ಹೆಚ್ಚು ಬಾಗುತ್ತದೆ ಎಂಬುದು ಖಚಿತ. ತೆಳು ನೆಕ್ಕೇ ಬೇಕೆನ್ನುವವರು ಹಲವು ತುಂಡುಗಳ ನೆಕ್ ಅಥವಾ ಹುರಿದ ಮೇಪಲ್ ನೆಕ್ ನೋಡಿ. ಹುರಿದ ಮೇಪಲ್ ಎಂದರೆ ಬಿಸಿಯಲ್ಲಿ ಹದಗೊಳಿಸಿ, ತೇವ ಹೀರುವ ಗುಣ ತಗ್ಗಿಸಿದ ಮರ; ಅದಕ್ಕೆ ಕೊಡುವ ಹೆಚ್ಚುವರಿ ಹಣ ನಾದಕ್ಕಲ್ಲ, ಜೂನ್ ತಿಂಗಳಿಗೆ. ಬಾಗು ನೋಡುವ ವಿಧಾನ ಸುಲಭ: ಮೊದಲ ಫ್ರೆಟ್‌ಗೆ ಕೇಪೋ (ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಕೊನೆಯ ಫ್ರೆಟ್ ಒತ್ತಿ ಹಿಡಿದು, 7 ಅಥವಾ 8ನೇ ಫ್ರೆಟ್ ಮತ್ತು ದಪ್ಪ ಇ ತಂತಿಯ ನಡುವಿನ ಅಂತರ ನೋಡುವುದು. 0.2ರಿಂದ 0.3 ಮಿ.ಮೀ. ಇದ್ದರೆ ಸಾಮಾನ್ಯವಾಗಿ ಸರಿ.

ಅಂಗಡಿಯಲ್ಲಿ ಹತ್ತು ನಿಮಿಷ

ಆಂಪ್ಲಿಫೈಯರ್‌ಗೆ ಕೇಬಲ್ ಸಿಕ್ಕಿಸುವ ಮೊದಲು ಗಿಟಾರನ್ನು ಹಾಗೇ ಮಡಿಲಲ್ಲಿ ಇಟ್ಟುಕೊಳ್ಳಿ. ಶ್ರುತಿ ಮಾಡಿ. ಜಿ ತಂತಿಯ 3ನೇ ಫ್ರೆಟ್‌ನಿಂದ 9ರವರೆಗೆ ಒಂದೊಂದೇ ಸ್ವರವನ್ನು ಒಂದೇ ಬಲದಲ್ಲಿ ಮೀಟಿ, ಅದು ಪೂರ್ತಿ ಆರುವವರೆಗೆ ಕಾಯಿರಿ. ನಂತರ ಬಿ ಮತ್ತು ಡಿ ತಂತಿಗಳಲ್ಲಿ ಹಾಗೇ ಮಾಡಿ. ಸುತ್ತ ಯಾರೋ ಜೋರಾಗಿ ನುಡಿಸುತ್ತಿದ್ದರೆ ಗಿಟಾರಿನ ಮೇಲಂಚಿಗೆ ಕಿವಿಯನ್ನು ಒತ್ತಿ ಹಿಡಿದರೆ ಸ್ಪಷ್ಟವಾಗಿ ಕೇಳುತ್ತದೆ. ಒಂದು ಸ್ವರ ಮಾತ್ರ ನೆರೆಹೊರೆಯವಕ್ಕಿಂತ ಬೇಗ ಆರಿದರೆ ಅದನ್ನು ಮತ್ತೆ ಮೀಟಿ ಗಮನಿಸಿ. ಝರ್ ಎಂಬ ಸದ್ದಿದ್ದರೆ ಮುಂದಿನ ಯಾವುದೋ ಫ್ರೆಟ್ ಎತ್ತರವಾಗಿದೆ ಎಂದರ್ಥ, ಅದು ದುರಸ್ತಿಯಾಗುವ ದೋಷ. ಝರ್ ಇಲ್ಲದೆ, ಮೂಲ ಸ್ವರ ಕುಸಿದು ಅದರ ಮೇಲಿನ ಸ್ಥಾಯಿಯ ಎಳೆ ಮಾತ್ರ ಉಳಿದಂತೆ ಕೇಳಿದರೆ ಅದು ಡೆಡ್ ಸ್ಪಾಟ್. ಖಚಿತ ಮಾಡಿಕೊಳ್ಳಲು ಹೆಡ್‌ಸ್ಟಾಕ್ ತುದಿಯನ್ನು ಗೋಡೆಗೋ ಮರದ ಕಪಾಟಿಗೋ ಮೆಲ್ಲಗೆ ತಾಗಿಸಿ ಅದೇ ಸ್ವರ ಮೀಟಿ. ಈಗ ಅದು ಹೆಚ್ಚು ಹೊತ್ತು ನಿಂತರೆ ಕಳ್ಳ ನೆಕ್‌ನಲ್ಲೇ ಇದ್ದಾನೆ. ಅಂಗಡಿಯವರ ಮುಖ ಈ ಹೊತ್ತಿಗೆ ಬದಲಾಗಿರುತ್ತದೆ, ಅದನ್ನು ನೋಡಬೇಡಿ.

ಬಳಿಕ ಮೊದಲ ಫ್ರೆಟ್‌ನ ಇ ಮೇಜರ್ ಸ್ವರಮೇಳ ಹಿಡಿದು, ಎಡಗೈಯಿಂದ ನೆಕ್ಕನ್ನು ತೀರಾ ಹಗುರವಾಗಿ ಹಿಂದಕ್ಕೆ ಒತ್ತಿ. ಎಲ್ಲ ಗಿಟಾರುಗಳೂ ಸ್ವಲ್ಪ ಜಗ್ಗುತ್ತವೆ. ನುಡಿಸುವಾಗ ನೀವು ಸಹಜವಾಗಿ ಹಾಕುವ ಬಲಕ್ಕೇ ಶ್ರುತಿ ಕದಲಿದರೆ ಮಾತ್ರ ಚಿಂತಿಸಬೇಕು. ಪರೀಕ್ಷೆಗೆಂದು ಜೋರಾಗಿ ಬಗ್ಗಿಸಬೇಡಿ, ಅದು ಇನ್ನೂ ನಿಮ್ಮ ಗಿಟಾರಲ್ಲ.

ಯಾರಿಗೆ ಯಾವುದು ಎಂದು ಕೇಳಿದರೆ: ಮೊದಲ ಗಿಟಾರ್ ಕೊಳ್ಳುತ್ತಿರುವವರಿಗೆ 21ರಿಂದ 23 ಮಿ.ಮೀ.ಯ ಸಿ ಆಕಾರದ ನೆಕ್. ಅಭ್ಯಾಸ ಯಾವ ಕಡೆ ತಿರುಗಿದರೂ ಅದು ಅಡ್ಡ ಬರುವುದಿಲ್ಲ. ಮೆಟಲ್ ನುಡಿಸುವವರಿಗೆ ಐದು ತುಂಡಿನ ತೆಳು ನೆಕ್, ಆದರೆ ತಂತಿಯ ಗೇಜ್ ಏರಿಸುವಾಗ ಪ್ರತಿ ಸಲ ನೆಕ್‌ನ ಬಾಗು ನೋಡಿಕೊಳ್ಳುವ ತಾಳ್ಮೆ ಇರಬೇಕು. ಬ್ಲೂಸ್ ಮತ್ತು ಗಮಕದವರಿಗೆ 22ರಿಂದ ಮೇಲೆ, ಹೆಗಲು ತುಂಬಿದ ಸಿ ಅಥವಾ ಮೆದು ವಿ. ಫೆಂಡರ್‌ನ ಎರಿಕ್ ಕ್ಲಾಪ್ಟನ್ ಮಾದರಿಯಲ್ಲಿರುವುದು ಈ ಎರಡನೆಯ ಬಗೆಯದು. ನಾದ ಬದಲಾಗಬೇಕು ಎಂಬುದೊಂದೇ ಆಸೆಯಾದರೆ ನೆಕ್ ತಂಟೆಗೆ ಹೋಗುವ ಮೊದಲು ತಂತಿ ಬದಲಿಸಿ, ಪಿಕಪ್ ಎತ್ತರವನ್ನು ಅರ್ಧ ಮಿಲಿಮೀಟರ್ ಏರಿಳಿಸಿ ನೋಡಿ. ಕೆಲವು ನೂರು ರೂಪಾಯಿಗೆ ಸಿಗುವ ವ್ಯತ್ಯಾಸ ಹೊಸ ನೆಕ್‌ನಿಂದ ಸಿಗುವುದಕ್ಕಿಂತ ಕಿವಿಗೆ ಚೆನ್ನಾಗಿ ಕೇಳುತ್ತದೆ.

ಆನ್‌ಲೈನ್‌ನಲ್ಲಿ ತರಿಸುವವರು ಎರಡು ಕೆಲಸ ಮಾಡಬೇಕು. ಕೊಳ್ಳುವ ಮೊದಲು 1 ಮತ್ತು 12ನೇ ಫ್ರೆಟ್‌ನ ದಪ್ಪವನ್ನು ಮಿಲಿಮೀಟರಿನಲ್ಲಿ ಕೇಳಿ ತಿಳಿದುಕೊಂಡು, ಈಗಾಗಲೇ ಕೈಗೆ ಒಗ್ಗಿರುವ ಗೆಳೆಯರ ಗಿಟಾರೊಂದನ್ನು ಕ್ಯಾಲಿಪರ್‌ನಿಂದ ಅಳೆದು ಹೋಲಿಸಬೇಕು. ಪೆಟ್ಟಿಗೆ ಬಂದ ಮೇಲೆ ಅದನ್ನು ಒಂದು ದಿನ ಕೋಣೆಯ ಹವೆಗೆ ಹೊಂದಿಕೊಳ್ಳಲು ಬಿಟ್ಟು, ಮರುದಿನವೇ ಜಿ ತಂತಿಯ ಪರೀಕ್ಷೆ ಮುಗಿಸಬೇಕು. ವಾಪಸು ಕೊಡುವ ಅವಧಿ ಮುಗಿದ ಮೇಲೆ ಡೆಡ್ ಸ್ಪಾಟ್ ತೋರಿಸಿದರೆ "ಎಲ್ಲ ಗಿಟಾರಲ್ಲೂ ಇರುತ್ತದೆ ಸರ್" ಎಂಬ ಉತ್ತರ ಬರುತ್ತದೆ. ಆ ಉತ್ತರದಲ್ಲೂ ಅರ್ಧ ಸತ್ಯವಿದೆ, ಅದಕ್ಕೇ ವಾದಿಸುವುದು ಕಷ್ಟ.